ಬೆಳಿಗ್ಗೆ ಏಳದ ಕಂಪ್ಯೂಟರು

ಅಕ್ಕನ ಮನೆಗೆ ಕಂಪ್ಯೂಟರು ಬಂದದ್ದು ಎರಡು ಮೂಟೆ ಉಂಡೆ ಕೊಬ್ಬರಿಯ ಬದಲಿಗೆ. ಎಂಬತ್ತರ ದಶಕದ ಕೊನೆಯ ಮಾತು. ಭಾವ ತಿಪಟೂರಿನ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಅವರ ಜೊತೆ ಓದಿದ್ದ ಗೆಳೆಯರೊಬ್ಬರು ಬೆಂಗಳೂರಿನಿಂದ ಉತ್ತರದ ಯಾವುದೋ ಊರಿಗೆ ವರ್ಗವಾಗಿ ಹೊರಟಿದ್ದರು. ಸಾಮಾನು ಕಡಿಮೆ ಮಾಡಿಕೊಳ್ಳುವ ಅವಸರದಲ್ಲಿ ಕಂಪ್ಯೂಟರನ್ನು ಕೊಟ್ಟುಬಿಡಲು ಒಪ್ಪಿದರು. ಬದಲಿಗೆ ಕೊಬ್ಬರಿ ಕೇಳಿದರು. ಉತ್ತರದಲ್ಲಿ ಒಳ್ಳೆಯ ಕೊಬ್ಬರಿ ಸಿಗುವುದಿಲ್ಲವೆಂದು ಅವರ ನಂಬಿಕೆ. ತಿಪಟೂರಿನ ಕೊಬ್ಬರಿಯ ಬಹುಪಾಲು ಉತ್ತರಕ್ಕೇ ಹೋಗುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಭಾವನೂ ಹೇಳಲಿಲ್ಲ.

ಹೋಗುವಾಗ ಬಸ್ಸಿನ ತಲೆಯ ಮೇಲೆ ಎರಡು ಮೂಟೆ, ಬರುವಾಗ ಭಾವನ ತೊಡೆಯ ಮೇಲೆ ಒಂದು ರಟ್ಟಿನ ಡಬ್ಬ. ಅದನ್ನು ಬಿಚ್ಚಿದಾಗ ಜಗಲಿಯಲ್ಲಿ ಅಕ್ಕನ ಮಾವ ಕೂತಿದ್ದರು. ಊರಿನಲ್ಲಿ ಅವರನ್ನು ಎಲ್ಲರೂ ಯಜಮಾನರು ಎಂದೇ ಕರೆಯುತ್ತಿದ್ದರು. ಇಲ್ಲಿಯೂ ಹಾಗೇ ಇರಲಿ. ಡಬ್ಬದಿಂದ ಹೊರಬಂದದ್ದು ಟೈಪ್‌ರೈಟರಿನ ಗುಂಡಿಗಳಿದ್ದ, ಸ್ಲೇಟಿಗಿಂತ ಒಂದಿಷ್ಟು ದೊಡ್ಡದಾದ ಕಪ್ಪು ಹಲಗೆ. ಯಜಮಾನರು ಡಬ್ಬವನ್ನು ತಲೆಕೆಳಗು ಮಾಡಿ ಕೊಡವಿದರು. ಮತ್ತೇನೂ ಬೀಳಲಿಲ್ಲ.

"ಇಷ್ಟೇಯಾ?" ಎಂದರು.

"ಇಷ್ಟೇ ಅಪ್ಪಾಜಿ. ಮಿಕ್ಕಿದ್ದು ನಮ್ಮನೇಲೇ ಐತೆ," ಎಂದರು ಭಾವ.

"ನಮ್ಮನೇಲೇ ಇದ್ದಿದ್ರೆ ಎಲ್ಡು ಮೂಟೆ ಯಾಕಪ್ಪ ಹೊತ್ಕೊಂಡೋದೆ?"

ಭಾವ ಹೇಳಿದ್ದು ಸುಳ್ಳಲ್ಲ. ಆ ಹಲಗೆಗೆ ಮುಖವೂ ಇರಲಿಲ್ಲ, ನೆನಪೂ ಇರಲಿಲ್ಲ. ಮುಖಕ್ಕೆ ಮನೆಯ ಕಪ್ಪು ಬಿಳುಪು ಟೀವಿಯನ್ನು ಜೋಡಿಸಬೇಕಿತ್ತು. ನೆನಪಿಗೆ ಮನೆಯ ಟೇಪ್ ರೆಕಾರ್ಡರು. ಸ್ವಿಚ್ಚು ಆರಿಸಿದರೆ ಹಲಗೆ ಕಲಿತದ್ದನ್ನೆಲ್ಲ ಮರೆಯುತ್ತಿತ್ತು. ಆದ್ದರಿಂದ ಅದಕ್ಕೆ ಗೊತ್ತಿರಬೇಕಾದದ್ದನ್ನು ಒಂದು ಕ್ಯಾಸೆಟ್ಟಿಗೆ ತುಂಬಿಟ್ಟು, ಪ್ರತಿಸಲವೂ ಆ ಕ್ಯಾಸೆಟ್ಟನ್ನು ಅದಕ್ಕೆ ಕೇಳಿಸಬೇಕು. ಕೇಳುವಾಗ ಕೀಂಯ್ ಎಂದು ಸದ್ದು, ಟೀವಿಯ ತುಂಬ ಅಡ್ಡಗೆರೆಗಳ ಓಟ. ನಾಲ್ಕು ನಿಮಿಷದಲ್ಲಿ ಪಾಠ ಮುಗಿದು, ಹಲಗೆ ಕೆಲಸಕ್ಕೆ ಸಿದ್ಧ.

ಆ ಟೇಪ್ ರೆಕಾರ್ಡರು ಯಜಮಾನರದು. ವಚನ ಕೇಳಲೆಂದು ತಂದುಕೊಂಡಿದ್ದರು. ಅದನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಮಗನ ಮಾತಿಗೆ ಎರವಲು ಕೊಟ್ಟರು. ಕೊಟ್ಟದ್ದಕ್ಕೆ ಪ್ರತಿದಿನವೂ ಒಂದು ಸಲ ಪಶ್ಚಾತ್ತಾಪ ಪಡುತ್ತಿದ್ದರು. "ವಚನ ಬರೋ ಜಾಗದಾಗೆ ಜೀರುಂಡೆ ಕೂತದೆ," ಎನ್ನುತ್ತಿದ್ದರು.

ನಾನು ಆಗ ತುಮಕೂರಿನ ಒಂದು ಪತ್ರಿಕೆಗೆ ತಿಪಟೂರಿನಿಂದ ಸುದ್ದಿ ಕಳಿಸುತ್ತಿದ್ದೆ. ಅಕ್ಕನ ಊರು ತುರುವೇಕೆರೆ ದಾರಿಯಲ್ಲಿ ಮೂರು ಮೈಲಿ. ಅವಳ ಮನೆಯಲ್ಲೇ ಉಳಿದುಕೊಂಡು ಸೈಕಲ್ಲಿನಲ್ಲಿ ಓಡಾಡುತ್ತಿದ್ದೆ. ಹಾಗಾಗಿ ಮುಂದಿನದನ್ನು ಹೆಚ್ಚುಪಾಲು ಕಣ್ಣಾರೆ ಕಂಡಿದ್ದೇನೆ.

ಕಂಪ್ಯೂಟರು ತಂದವರು ಭಾವ, ಕಲಿತವಳು ಅಕ್ಕ. ಭಾವನಿಗೆ ಗಣಿತ ಚೆನ್ನಾಗಿ ಬರುತ್ತಿತ್ತು, ಗುಂಡಿ ಒತ್ತಲು ಮಾತ್ರ ಭಯ. ಒಂದೊಂದು ಗುಂಡಿಯನ್ನೂ ನಿದ್ದೆ ಮಾಡುವ ಮಗುವಿನ ಕೆನ್ನೆ ಮುಟ್ಟಿದಂತೆ ಮುಟ್ಟುತ್ತಿದ್ದರು. ಅಕ್ಕ ಪಿಯುಸಿಯಲ್ಲಿ ವಿಜ್ಞಾನ ಓದಿ ಮೊದಲ ದರ್ಜೆಯಲ್ಲಿ ಪಾಸಾಗಿ, ಮದುವೆಯಾಗಿ, ಹನ್ನೆರಡು ವರ್ಷ ಆ ಓದಿನ ಸುದ್ದಿಗೇ ಹೋಗದೆ ಇದ್ದವಳು. ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಒಂದರಿಂದ ಮೂರರವರೆಗೆ ಅವಳ ಕಂಪ್ಯೂಟರು. ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಪಂಚಾಂಗದ ಪಕ್ಕ ಇಟ್ಟುಕೊಂಡು, ಒಂದೊಂದೇ ಸಾಲು ಬಿಡಿಸಿಕೊಂಡು, ಎರಡು ತಿಂಗಳಲ್ಲಿ ಅವಳು ಭಾವನನ್ನು ದಾಟಿ ಹೋಗಿದ್ದಳು. ಭಾವ ಸಂಜೆ ಬಂದು, "ಇವತ್ತು ಏನು ಕಲೀತೆ, ಹೇಳಿಕೊಡೇ" ಎಂದು ಪಕ್ಕದಲ್ಲಿ ಕೂರುತ್ತಿದ್ದರು.

ಯಜಮಾನರಿಗೆ ಇದೆಲ್ಲ ಅರ್ಥವಾಗದ ವಿಷಯವಲ್ಲ, ಉಪಯೋಗವಿಲ್ಲದ ವಿಷಯ. "ಏನ್ ಮಾಡ್ತದವ್ವ ಇದು?" ಎಂದು ದಿನವೂ ಕೇಳುತ್ತಿದ್ದರು. ಅಕ್ಕ ಒಂದು ದಿನ, "ಬಾವಿ ಸರದಿ ಹೇಳ್ತದೆ ಮಾವ," ಎಂದಳು.

ಆ ಮಾತಿಗೆ ಯಜಮಾನರು ಎದ್ದು ಕೂತರು.

ಬಾವಿಯ ಕಥೆ ಇಷ್ಟು. ಯಜಮಾನರದು ಕೆಳಮನೆ. ಬೀದಿಯ ಆಚೆ ತುದಿಯದು ಮೇಲ್ಮನೆ, ಅವರ ದೊಡ್ಡಪ್ಪನ ಮಗನದು. ಅವರನ್ನು ಊರು ದೊಡ್ಡಯ್ಯ ಎನ್ನುತ್ತಿತ್ತು, ಯಜಮಾನರು ಅಣ್ಣಯ್ಯ ಎನ್ನುತ್ತಿದ್ದರು. ತೋಟ ಬೇರೆ ಬೇರೆಯಾದರೂ ಬಾವಿ ಒಂದೇ, ಮೋಟಾರೂ ಒಂದೇ. ಒಂದು ದಿನ ಇವರಿಗೆ ನೀರು, ಒಂದು ದಿನ ಅವರಿಗೆ. ಆದರೆ ಮೋಟಾರಿಗೆ ಬೇಕಾದ ತ್ರೀಫೇಸ್ ಕರೆಂಟು ಯಾವತ್ತು ಎಷ್ಟು ಹೊತ್ತು ಬರುತ್ತದೆಂದು ಹೇಳುವವರಿರಲಿಲ್ಲ. ಒಬ್ಬರ ದಿನದಲ್ಲಿ ಆರು ಗಂಟೆ, ಇನ್ನೊಬ್ಬರ ದಿನದಲ್ಲಿ ಅರ್ಧ ಗಂಟೆ. ಕರೆಂಟೇ ಬರದ ದಿನ ಸರದಿ ಕಳೆಯಿತೋ ಉಳಿಯಿತೋ ಎಂಬುದು ಜಗಳದ ಬೇರು. ದಿನ ಬೇಡ, ಇಬ್ಬರಿಗೂ ಸಮನಾಗಿ ಗಂಟೆ ಎಂದು ಊರಿನ ಹಿರಿಯರು ತೀರ್ಮಾನ ಹೇಳಿದ್ದರು. ಎರಡೂ ಮನೆಯವರು ಒಂದೊಂದು ಪುಸ್ತಕದಲ್ಲಿ ಗಂಟೆ ಬರೆಯುತ್ತಿದ್ದರು. ಭಾವ ಅವನ್ನು ಕಾಗದದ ಮೇಲೆ ಕೂಡಿ ತೋರಿಸಿದ್ದೂ ಉಂಟು. ಕೆಳಮನೆಯ ಮಗ ಕೂಡಿದ್ದನ್ನು ಮೇಲ್ಮನೆ ನಂಬಲಿಲ್ಲ.

ಕಂಪ್ಯೂಟರು ಯಾರ ಮಗನೂ ಅಲ್ಲ. ಅಕ್ಕ ಎರಡೂ ಮನೆಯ ಪುಸ್ತಕ ತರಿಸಿಕೊಂಡು, ಮೂರು ತಿಂಗಳ ಗಂಟೆಗಳನ್ನೆಲ್ಲ ತುಂಬಿ, ಇವತ್ತು ಯಾರ ಸರದಿ, ಯಾರಿಗೆ ಎಷ್ಟು ಗಂಟೆ ಬಾಕಿ ಎಂದು ಹೇಳುವಂತೆ ಅದನ್ನು ತಯಾರು ಮಾಡಿದಳು. ತೋರಿಸುವ ದಿನವನ್ನು ಯಜಮಾನರು ಇಟ್ಟರು.

"ಬರೋ ಶುಕ್ರವಾರ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಆಗ್ಬೇಕು. ಅಣ್ಣಯ್ಯನ್ನ ಕರೀತೀನಿ. ಅವನ ಮುಂದೆ ಸರಿಯಾಗಿ ಹೇಳ್ತೋ, ಇಲ್ಲೇ ಇರ್ಲಿ. ಹೇಳ್ನಿಲ್ವೋ, ಶನಿವಾರದ ಬಸ್ಸಿಗೆ ಹತ್ತಿಸ್ರಪ್ಪ. ನಾನೂ ವಚನ ಕೇಳಿ ಎಲ್ಡು ತಿಂಗಳಾಯ್ತು."

ಯಜಮಾನರು ಆಡಿದ ಮಾತನ್ನು ಹಿಂದೆ ತೆಗೆದುಕೊಂಡದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಅಕ್ಕ ಅವರ ಮುಂದೆ ತಲೆಯಾಡಿಸಿದಳು. ಅಡುಗೆಮನೆಯಲ್ಲಿ ನನ್ನ ಹತ್ತಿರ ಹೇಳಿದ್ದು ಬೇರೆ: "ಇದು ಹೋಯ್ತು ಅಂದ್ರೆ ನಾನು ಮತ್ತೆ ಮಧ್ಯಾಹ್ನ ನಿದ್ದೆ ಮಾಡೋದು ಕಲೀಬೇಕು ಕಣೋ."

ತೋರಿಸುವುದು ಬೆಳಿಗ್ಗೆಯಾದ್ದರಿಂದ ಮರುದಿನದಿಂದ ಅಕ್ಕ ಬೆಳಿಗ್ಗೆಯೇ ಅಭ್ಯಾಸ ಶುರುಮಾಡಿದಳು. ಅಲ್ಲಿಂದ ತೊಂದರೆ. ಮಧ್ಯಾಹ್ನ ನಾಲ್ಕು ನಿಮಿಷದಲ್ಲಿ ಪಾಠ ಒಪ್ಪಿಸುತ್ತಿದ್ದ ಕಂಪ್ಯೂಟರು ಬೆಳಿಗ್ಗೆ ಏಳೂವರೆಗೆ ಕೂರಿಸಿದರೆ ಏಳಲೊಲ್ಲದು. ಕೀಂಯ್ ಎನ್ನಬೇಕಾದ ಕ್ಯಾಸೆಟ್ಟು ಗೊಂಯ್ ಎನ್ನುತ್ತಿತ್ತು. ಅಡ್ಡಗೆರೆಗಳು ಓಡುವ ಬದಲು ತೆವಳುತ್ತಿದ್ದವು. ಆರು ನಿಮಿಷ ಕಾದ ಮೇಲೆ ಅರ್ಥವಾಗಲಿಲ್ಲವೆಂದು ಇಂಗ್ಲಿಷಿನಲ್ಲಿ ಒಂದು ಸಾಲು. ಮತ್ತೆ ಮೊದಲಿಂದ. ಮೂರನೆಯದೋ ನಾಲ್ಕನೆಯದೋ ಸಲಕ್ಕೆ, ಅರ್ಧ ಗಂಟೆ ಕಳೆದು, ಹೇಗೋ ಎದ್ದು ಕೂರುತ್ತಿತ್ತು. ಎರಡನೆಯ ದಿನ ಮುಕ್ಕಾಲು ಗಂಟೆ. ಮೂರನೆಯ ದಿನ ಬೆಳಿಗ್ಗೆ ಏಳಲೇ ಇಲ್ಲ. ಅದೇ ದಿನ ಮಧ್ಯಾಹ್ನ ಒಂದೂವರೆಗೆ ಹಾಕಿದರೆ, ನಾಲ್ಕೇ ನಿಮಿಷ.

"ಬಾಳ ನಿಧಾನ ಆಗೈತೆ ಕಣ್ರೀ ಇದು," ಎಂದು ಅಕ್ಕ ಭಾವನಿಗೆ ಹೇಳುವುದು, ಭಾವ ತಲೆ ಕೆರೆದುಕೊಳ್ಳುವುದು, ಜಗಲಿಯಿಂದ ಯಜಮಾನರು, "ಏನಂತೆ? ಇವತ್ತೂ ನಿಧಾನವಾ?" ಎಂದು ವಿಚಾರಿಸುವುದು, ಬೆಳಗಿನ ಕಾಫಿಯಷ್ಟೇ ಕ್ರಮವಾಗಿ ನಡೆಯತೊಡಗಿತು.

ನಾನು ಗಡಿಯಾರ ನೋಡಿ ಸಮಯ ಬರೆದಿಡುತ್ತಿದ್ದೆ. ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು. ನಾಲ್ಕು ದಿನದ ಪಟ್ಟಿಯನ್ನು ಅಕ್ಕನ ಮುಂದಿಟ್ಟು, ಬಲು ಗಂಭೀರವಾಗಿ, "ವೋಲ್ಟೇಜು," ಎಂದೆ. ಬೆಳಿಗ್ಗೆ ತ್ರೀಫೇಸ್ ಇರುತ್ತದೆ, ಸುತ್ತಲಿನ ತೋಟಗಳ ಮೋಟಾರುಗಳೆಲ್ಲ ಒಟ್ಟಿಗೆ ನೀರೆತ್ತುತ್ತವೆ, ವೋಲ್ಟೇಜು ಇಳಿಯುತ್ತದೆ, ಟೇಪು ಸೊರಗುತ್ತದೆ. ಮಧ್ಯಾಹ್ನ ಮೋಟಾರುಗಳು ನಿಲ್ಲುತ್ತವೆ, ಟೇಪು ಚೇತರಿಸಿಕೊಳ್ಳುತ್ತದೆ. ಪಟ್ಟಿಯ ಒಂದೊಂದು ಸಾಲೂ ನಿಜವಾಗಿತ್ತು. ತೀರ್ಮಾನ ಪೂರ್ತಿ ತಪ್ಪಾಗಿತ್ತು. ಈ ಜಾತಿಯ ತಪ್ಪನ್ನು ನಾನು ಆಮೇಲೆ ಅಚ್ಚಿನಲ್ಲೂ ಮಾಡಿದ್ದೇನೆ.

ಭಾವ ತಿಪಟೂರಿನಿಂದ ಸ್ಟೆಬಿಲೈಸರ್ ತಂದರು. ಅದು ಟಕ್ ಟಕ್ ಎಂದಿತೇ ಹೊರತು ಬೇರೇನೂ ಮಾಡಲಿಲ್ಲ. ಅಕ್ಕ ಬುಧವಾರ ಕರೆಂಟಿನ ಹಂಗೇ ಬೇಡವೆಂದು ಟೇಪ್ ರೆಕಾರ್ಡರಿಗೆ ಹೊಸ ಸೆಲ್ಲು ಹಾಕಿದಳು. ಆಗಲೂ ಬೆಳಿಗ್ಗೆ ಗೊಂಯ್.

"ನಿನ್ನ ವೋಲ್ಟೇಜು ಸೆಲ್ಲಿನೊಳಗೂ ಹೋಗಿ ಕೂತದೇನೋ?" ಎಂದು ಅಕ್ಕ ಕೇಳಿದಳು. ನಾನು ಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

ಟೇಪ್ ರೆಕಾರ್ಡರಿನ ಮುಚ್ಚಳ ಬಿಚ್ಚಿ ನೋಡೋಣವೆಂದು ನಾನೂ ಭಾವನೂ ಅಂದುಕೊಂಡೆವು. ಆದರೆ ಅದು ಯಜಮಾನರದು, ಬಿಚ್ಚಲು ಕೇಳಬೇಕು. ಕೇಳಲು ಭಾವನಿಗೆ ಧೈರ್ಯ ಬರುವಷ್ಟರಲ್ಲಿ ಗುರುವಾರ ಮುಗಿದಿತ್ತು.

ಶುಕ್ರವಾರ ಪುಷ್ಯ ಮಾಸದ ಚಳಿ. ಎಂಟು ಗಂಟೆಗೆ ದೊಡ್ಡಯ್ಯ ಕಿವಿಗೆ ಮಫ್ಲರ್ ಸುತ್ತಿಕೊಂಡು, ಕಂಬಳಿ ಹೊದ್ದು ಬಂದರು. ಜೊತೆಗೆ ತಮ್ಮ ಮನೆಯ ಪುಸ್ತಕವನ್ನೂ ತಂದಿದ್ದರು, ಕಂಪ್ಯೂಟರು ಸುಳ್ಳು ಹೇಳಿದರೆ ಅಲ್ಲೇ ಹಿಡಿಯಲು. ಯಜಮಾನರು ಚಾಪೆ ಹಾಕಿಸಿದರು. ಅಕ್ಕನ ಅತ್ತೆ ಟೀವಿಗೆ ಒಂದು ಹೂವು ಇಟ್ಟರು. ಯಾವುದಕ್ಕೆ ಇಡಬೇಕೆಂದು ಗೊತ್ತಾಗದೆ ಹಲಗೆಗೂ ಒಂದು, ಟೇಪ್ ರೆಕಾರ್ಡರಿಗೂ ಒಂದು ಇಟ್ಟರು.

"ಎಲ್ಲೈತ್ಲಾ ನಿನ್ನ ಪಂಚಾಯ್ತಿದಾರ?" ದೊಡ್ಡಯ್ಯ ಕೇಳಿದರು.

"ಅಗೋ ಅದೇ."

"ಎರಡು ಮೂಟೆ ಕೊಟ್ಟಿದ್ದು ಇದಕ್ಕಾ? ಗುಂಡಿ ಮಾತ್ರ ಬಾಳ ಅವೆ ಬುಡು."

ಅಕ್ಕ ಕ್ಯಾಸೆಟ್ಟು ಹಾಕಿದಳು. ಗೊಂಯ್. ಅಡ್ಡಗೆರೆಗಳು ಹೊರಟವು, ಬಿಸಿಲಿಲ್ಲದ ದಿನದ ಹುಳಗಳ ಹಾಗೆ. ಎಂಟೂಕಾಲಿಗೆ ಮೊದಲ ಸಲ ಸೋತಿತು. ಎಂಟೂ ಇಪ್ಪತ್ತೈದಕ್ಕೆ ಎರಡನೆಯ ಸಲ. ಮೂರನೆಯ ಸಲ ಕ್ಯಾಸೆಟ್ಟಿನ ಚಕ್ರ ತಿರುಗುವುದೂ ಕಾಣದಾಯಿತು.

ದೊಡ್ಡಯ್ಯ ಕಾಫಿ ಕುಡಿದು ಮುಗಿಸಿ ಲೋಟ ಕೆಳಗಿಟ್ಟರು. "ತಮ್ಮ, ನಮ್ಮ ಜಗಳಾನೇ ಬೇಗ ಮುಗೀತಿತ್ತು ಕಣ್ಲಾ," ಎಂದರು.

ಯಜಮಾನರ ಮುಖ ಬಿಗಿಯಿತು. "ಏನವ್ವಾ ಇದು?"

"ಒಂದು ನಿಮಿಷ ಮಾವ," ಅಕ್ಕ ಅಂದಳು. ನಂತರ ಇಷ್ಟು ದಿನ ಯಾರೂ ಕೇಳದಿದ್ದದ್ದನ್ನು ಕೇಳಿಯೇಬಿಟ್ಟಳು. "ಟೇಪ್ ರೆಕಾರ್ಡರ್ ಬಿಚ್ಚಿ ನೋಡಬಹುದಾ?"

ಯಜಮಾನರು ದೊಡ್ಡಯ್ಯನತ್ತ ಒಂದು ಸಲ ನೋಡಿ, "ಬಿಚ್ಚು," ಎಂದರು.

ಭಾವ ಸ್ಕ್ರೂ ಡ್ರೈವರ್ ತಂದರು, ನಾನು ಟಾರ್ಚು ಹಿಡಿದೆ. ಮೇಲಿನ ಮುಚ್ಚಳ ಎದ್ದಾಗ ಒಳಗೆ ಚಕ್ರಗಳ ಬುಡದಲ್ಲಿ, ರಬ್ಬರ್ ಪಟ್ಟಿಯ ಸುತ್ತ, ಕಡ್ಡಿಗಳ ಸಂದಿನಲ್ಲಿ ಬೆಳ್ಳಗೆ ಏನೋ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ದೊಡ್ಡಯ್ಯ ಕಂಬಳಿಯೊಳಗಿಂದ ಕತ್ತು ಚಾಚಿದರು.

"ಬೂಸ್ಟು ಕಣ್ರಪ್ಪ! ಕೊಬ್ಬರಿ ಕೊಟ್ಟು ತಂದದ್ದಲ್ವಾ, ಬೂಸ್ಟೂ ಜೊತೇಗೆ ಬಂದೈತೆ."

ಅಕ್ಕನಿಗೆ ನೋಡಿದ ಕೂಡಲೇ ಗೊತ್ತಾಯಿತು. ನನಗೂ ಗೊತ್ತಾಯಿತು. ನಮ್ಮ ಕಡೆ ಹುಟ್ಟಿ ಬೆಳೆದು, ಚಳಿಗಾಲದ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಎಣ್ಣೆಯ ಸೀಸೆಯನ್ನು ಒಲೆಯ ಪಕ್ಕದಲ್ಲಿ ಇಟ್ಟು ಕರಗುವುದಕ್ಕೆ ಕಾದವರಿಗೆ ಆ ಬಿಳುಪು ಗೊತ್ತಿಲ್ಲದೆ ಇರುವುದಿಲ್ಲ. ನಾನು ಬಾಯಿ ತೆರೆದೆ. ಅಕ್ಕ ನನ್ನ ಕಾಲಿನ ಮೇಲೆ ಕಾಲಿಟ್ಟು ಒತ್ತಿದಳು.

"ಧೂಳು ಅನ್ಸುತ್ತೆ ಮಾವ," ಎಂದಳು.

ಅವಳು ಹಾಗೆ ಹೇಳಿದ್ದು ಯಾಕೆಂದು ಹೇಳಬೇಕು. ಆ ಮನೆಯಲ್ಲಿ ಎಣ್ಣೆ ಬಿಡುವ ಕೆಲಸ ಒಬ್ಬರದೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಮೂತಿ ಉದ್ದವಾದ ಒಂದು ಎಣ್ಣೆಕುಪ್ಪಿ ಹಿಡಿದು, ಕಿರುಗುಟ್ಟುವ ಬಾಗಿಲಿಗೆ, ಬಾವಿಯ ರಾಟೆಗೆ, ಹೊಲಿಗೆ ಮಿಷೀನಿಗೆ, ಟೇಪ್ ರೆಕಾರ್ಡರಿಗೆ, ಕೊನೆಗೆ ತಮ್ಮ ಎರಡು ಮಂಡಿಗಳಿಗೆ ಯಜಮಾನರು ಎಣ್ಣೆ ಬಿಡುತ್ತಿದ್ದರು. ಕುಪ್ಪಿಯಲ್ಲಿದ್ದದ್ದು ಸ್ವಂತ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ ತಂದ ಎಣ್ಣೆ. ಮಿಷೀನಿಗೆಂದೇ ಅಂಗಡಿಯಲ್ಲಿ ಬೇರೆ ಎಣ್ಣೆ ಮಾರುತ್ತಾರೆಂದರೆ ಅವರು ನಗುತ್ತಿದ್ದರು. ನಾವು ದಿನವೂ ನಿಧಾನ, ನಿಧಾನ ಎಂದು ಒಳಗೆ ಗೊಣಗುತ್ತಿದ್ದೆವು. ಅವರು ಅದಕ್ಕೆ ತಮಗೆ ಗೊತ್ತಿದ್ದ ಮದ್ದನ್ನು ಸದ್ದಿಲ್ಲದೆ ಮಾಡುತ್ತಿದ್ದರು. ಇನ್ನೂ ನಿಧಾನ ಎಂದರೆ ಇನ್ನೆರಡು ಹನಿ. ಬೆಳಗಿನ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಚಕ್ರಗಳ ಕೈಕಾಲು ಹಿಡಿಯುತ್ತಿತ್ತು. ಮಧ್ಯಾಹ್ನ ಹೆಂಚು ಕಾದು ಮನೆ ಬೆಚ್ಚಗಾದಾಗ ಬಿಡುತ್ತಿತ್ತು. ನನ್ನ ಪಟ್ಟಿ ಹೇಳುತ್ತಿದ್ದದ್ದು ಇದನ್ನು.

ಮಗ ತಂದ ವಸ್ತುವಿನ ಕೆಲಸ ಕೆಡಿಸಿದವರು ನೀವೇ ಎಂದು ಸೊಸೆ ಮಾವನಿಗೆ, ಅದೂ ಮೇಲ್ಮನೆಯವರ ಎದುರಿಗೆ, ಹೇಳುವಂತಿರಲಿಲ್ಲ. ಹೇಳದಿದ್ದರೆ ನಾಳೆ ಬಸ್ಸು.

ಯಜಮಾನರು ಹತ್ತಿರ ಸರಿದು ಕೂತು, ತೋರುಬೆರಳಿನಿಂದ ಆ ಬಿಳಿಯದನ್ನು ಒಂದಿಷ್ಟು ಕೆರೆದು ತೆಗೆದರು. ಹೆಬ್ಬೆರಳಿಗೆ ಹಚ್ಚಿ ಉಜ್ಜಿದರು. ಕ್ಷಣದಲ್ಲಿ ಬಿಳುಪು ಕರಗಿ ನೀರಾಯಿತು. ಮೂಗಿನ ಹತ್ತಿರ ಹಿಡಿದರು. ಅರವತ್ತು ವರ್ಷ ಕೊಬ್ಬರಿಯ ಜೊತೆ ಬದುಕಿದವರು, ವಾಸನೆಯಿಂದಲೇ ಅದು ಯಾವ ಅಟ್ಟದಲ್ಲಿ ಒಣಗಿದ ಕೊಬ್ಬರಿಯದೆಂದು ಹೇಳಬಲ್ಲವರು.

ಧೂಳು ಎಂದು ಸೊಸೆ ಆಗಲೇ ದಾರಿ ಮಾಡಿಕೊಟ್ಟಿದ್ದಳು. ಹೌದು ಧೂಳು ಎಂದಿದ್ದರೆ ಮುಗಿಯುತ್ತಿತ್ತು. ಕಂಪ್ಯೂಟರು ಶನಿವಾರ ಹೋಗುತ್ತಿತ್ತು, ಟೇಪ್ ರೆಕಾರ್ಡರು ವಚನಕ್ಕೆ ಮರಳುತ್ತಿತ್ತು, ಅಣ್ಣಯ್ಯನ ಎದುರಿಗೆ ಅವರ ಮರ್ಯಾದೆಗೆ ಒಂದು ಕೂದಲಿನಷ್ಟೂ ಕೊಂಕು ಬರುತ್ತಿರಲಿಲ್ಲ.

"ಧೂಳಲ್ಲ ಕಣವ್ವ," ಎಂದರು ಯಜಮಾನರು. "ನಮ್ಮನೆ ಎಣ್ಣೆ. ನಾನೇ ಬುಟ್ಟಿದ್ದು."

ದೊಡ್ಡಯ್ಯ ಮೊದಲು ಅರ್ಥವಾಗದೆ ಎಲ್ಲರ ಮುಖ ನೋಡಿದರು. ಅರ್ಥವಾದ ಮೇಲೆ ಕಂಬಳಿ ಜಾರಿತು, ಮಫ್ಲರು ಬಿಚ್ಚಿತು, ಗೋಡೆ ಹಿಡಿದುಕೊಂಡರು. "ಲೇ ತಮ್ಮ! ಕಂಪ್ಯೂಟ್ರಿಗೂ ತಲೆಗೆ ಎಣ್ಣೆ ಒತ್ತಿದ್ಯೇನ್ಲಾ! ಸೀಗೇಕಾಯಿನೂ ಹಾಕ್ಬುಡು, ಅಭ್ಯಂಜನ ಆಗೋಗ್ಲಿ!"

"ನಗು, ನಗು. ನಿನ್ನ ರಾಟೆ ಕಿರ್ ಅನ್ನೋದು ಇಲ್ಲೀಗಂಟ ಕೇಳ್ತದೆ. ಅದಕ್ಕೂ ಎಲ್ಡು ತೊಟ್ಟು ಬುಟ್ಕೊಡ್ತೀನಿ," ಎಂದರು ಯಜಮಾನರು. ಮುಖ ಮಾತ್ರ ಕೆಂಪಾಗಿತ್ತು.

ಅತ್ತೆ ಅಡುಗೆಮನೆಯಿಂದ, "ನೀರೊಲೆ ಮುಂದೆ ಇಡ್ರೀ, ಈಗ ಕರಗ್ತದೆ," ಎಂದರು. ಪ್ಲಾಸ್ಟಿಕ್ಕೂ ಕರಗುತ್ತದೆಂದು ಭಾವ ಕೂಗಿಕೊಂಡರು. ಕೊನೆಗೆ ಅದನ್ನು ಜಗಲಿಯ ಕೊನೆಗೆ, ಬಿಸಿಲು ಬೀಳುವ ಜಾಗಕ್ಕೆ, ಮೊರದ ಮೇಲೆ ಇಟ್ಟು ತಂದೆವು. ಯಜಮಾನರು ಕೋಲು ಹಿಡಿದು ಪಕ್ಕದಲ್ಲೇ ಕೂತರು. ಒಂದು ಕಾಗೆ ಮೂರು ಸಲ ಬಂದು ನೋಡಿ ಹೋಯಿತು. ದಾರಿಯಲ್ಲಿ ಹೋಗುವವರು, "ಏನ್ ಯಜಮಾನ್ರೇ, ಒಣಗಾಕಿದ್ದೀರಾ?" ಎಂದು ಕೇಳಿದರು. "ಹಪ್ಪಳ," ಎಂದು ದೊಡ್ಡಯ್ಯ ಉತ್ತರ ಕೊಟ್ಟರು. ಅವರು ಮನೆಗೆ ಹೋಗುವ ಸೂಚನೆಯೇ ಇರಲಿಲ್ಲ. ಎರಡನೆಯ ಕಾಫಿ ಕೇಳಿದ್ದರು.

ಹತ್ತು ಗಂಟೆಯ ಹೊತ್ತಿಗೆ ಬಿಳುಪು ಕರಗಿ ಚಕ್ರಗಳು ಮಿನುಗತೊಡಗಿದವು. ಅಕ್ಕ ದೇವರ ಬುಟ್ಟಿಯಿಂದ ಹತ್ತಿ ತಂದು, ಬತ್ತಿ ಹೊಸೆದು, ಸಂದಿಗಳಲ್ಲಿ ಒಂದೊಂದಾಗಿ ತೂರಿಸಿ ಎಣ್ಣೆ ಹೀರಿಸಿದಳು. ಹನ್ನೊಂದು ಬತ್ತಿಗಳು ನೆನೆದವು. ಅತ್ತೆ ಅವನ್ನು ದಂಡ ಮಾಡದೆ ಎತ್ತಿಕೊಂಡು ಹೋಗಿ ದೀಪಕ್ಕೆ ಹಾಕಿದರು.

ಮುಚ್ಚಳ ಹಾಕಿ, ತಂತಿ ಜೋಡಿಸಿ ಸಿದ್ಧವಾದಾಗ ಹತ್ತೂ ನಲವತ್ತು. ರಾಹುಕಾಲ ಶುರುವಾಗಿ ಹತ್ತು ನಿಮಿಷ. ಅಕ್ಕ ಕ್ಯಾಸೆಟ್ಟು ಕೈಯಲ್ಲಿ ಹಿಡಿದು ಮಾವನ ಮುಖ ನೋಡಿದಳು. ಭಾವ ಗೋಡೆಯ ಗಡಿಯಾರ ನೋಡಿದರು. ದೊಡ್ಡಯ್ಯ, "ಏನ್ಲಾ, ಹನ್ನೆರಡರ ಗಂಟ ಕೂರಿಸ್ತೀಯಾ?" ಎಂದರು.

ಯಜಮಾನರು ಸ್ವಲ್ಪ ಯೋಚಿಸಿದರು. "ಶುರು ಮಾಡಿದ್ದು ಎಂಟು ಗಂಟೆಗೆ," ಎಂದರು. "ಇದು ಹೊಸದಾಗಿ ಶುರು ಮಾಡೋದಲ್ಲ. ನಡುವೆ ನಿಂತಿತ್ತು, ಮುಂದುವರೀತದೆ. ಹಾಕವ್ವ."

ಕೀಂಯ್. ಗೆರೆಗಳು ಓಡಿದವು. ನಾಲ್ಕು ನಿಮಿಷ.

ಆ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕೆಳಮನೆ ಎಂದು ಒಂದು ಸಾಲು, ಮೇಲ್ಮನೆ ಎಂದು ಒಂದು ಸಾಲು, ಪಕ್ಕದಲ್ಲಿ ಗಂಟೆಗಳು ಮೂಡಿದವು. ಕೆಳಗೆ ಒಂದು ಸಾಲು. ಅದನ್ನು ಅಕ್ಕ ಎರಡು ಸಲ ಓದಿದಳು. ಹಿಂದಿನ ಅಭ್ಯಾಸಗಳಲ್ಲಿ ಬಂದ ಉತ್ತರ ಬೇರೆಯಿತ್ತೆಂದೂ, ಕಳೆದ ಮೂರು ದಿನದ ಗಂಟೆಗಳನ್ನು ಹಿಂದಿನ ಮಧ್ಯಾಹ್ನವಷ್ಟೇ ಸೇರಿಸಿದ್ದೆಂದೂ ಅವಳು ನನಗೆ ಆಮೇಲೆ ಹೇಳಿದಳು.

"ಏನಂತೆ?" ದೊಡ್ಡಯ್ಯ ಕೇಳಿದರು.

"ಮೇಲ್ಮನೆಗೆ ಹನ್ನೊಂದು ಗಂಟೆ ಬಾಕಿ, ದೊಡ್ಡ ಮಾವ. ಅದು ಮುಗಿಯೋವರೆಗೆ ನೀರು ನಿಮ್ದೇ."

ದೊಡ್ಡಯ್ಯ ತಾವು ತಂದಿದ್ದ ಪುಸ್ತಕವನ್ನು ತೆರೆದರು, ಮತ್ತೆ ಮುಚ್ಚಿದರು. ವಾದಕ್ಕೆಂದು ತಯಾರಾಗಿ ಬಂದವರಿಗೆ ವಾದವೇ ಇಲ್ಲದಂತಾಗಿತ್ತು. ಕೆಳಮನೆಯ ಪೆಟ್ಟಿಗೆ, ಕೆಳಮನೆಯ ಸೊಸೆ, ಕೆಳಮನೆಯ ಎಣ್ಣೆ. ತೀರ್ಪು ಮಾತ್ರ ಮೇಲ್ಮನೆಗೆ. ಅನುಮಾನ ಪಡುವುದಕ್ಕೆ ಅವರಿಗೆ ಎಲ್ಲೂ ಜಾಗ ಸಿಗಲಿಲ್ಲ.

ಯಜಮಾನರು ಅಕ್ಕನ ಕಡೆ ತಿರುಗಿದರು. "ಸರಿಯಾಗೈತೇನವ್ವ?"

"ಸರಿಯಾಗಿದೆ ಮಾವ. ನಿಮ್ಮ ಪುಸ್ತಕದಾಗೆ ಇದ್ದಿದ್ದನ್ನೇ ಹಾಕಿದ್ದು."

"ಇನ್ನೊಂದ್ಸಲ ಕೇಳು."

ಅಕ್ಕ ಇನ್ನೊಂದು ಸಲ ಕೇಳಿದಳು. ಹನ್ನೊಂದೇ ಬಂತು.

ಯಜಮಾನರು ಸೊಂಟದ ದಾರದಿಂದ ಮೋಟಾರ್ ಮನೆಯ ಬೀಗದ ಕೈ ಬಿಚ್ಚಿ ಚಾಪೆಯ ಮೇಲಿಟ್ಟು, ದೊಡ್ಡಯ್ಯನತ್ತ ತಳ್ಳಿದರು. ಅವತ್ತು ತಮ್ಮ ತೋಟದ ಕೆಳಗಿನ ಸಾಲಿಗೆ ನೀರು ಬಿಡಬೇಕೆಂದು ಅವರು ಬೆಳಿಗ್ಗೆಯೇ ಪಾತಿ ಮಾಡಿಸಿದ್ದರು. ಆ ಮಾತನ್ನು ಎತ್ತಲಿಲ್ಲ.

ದೊಡ್ಡಯ್ಯ ಬೀಗದ ಕೈ ಎತ್ತಿಕೊಂಡು ಎದ್ದರು. ಬಾಗಿಲಲ್ಲಿ ನಿಂತು, "ತಮ್ಮ, ಈ ಪೆಟ್ಟಿಗೆ ಎಲ್ಲಿಗೂ ಕಳಿಸ್ಬೇಡ ಕಣ್ಲಾ," ಎಂದರು.

"ಕಳಿಸ್ತೀನಿ ಅಂತ ಯಾರಂದ್ರು?" ಎಂದರು ಯಜಮಾನರು.

ಶನಿವಾರದ ಬಸ್ಸು ಖಾಲಿಯಾಗಿ ಹೋಯಿತೆಂದು ಹೇಳಲಾರೆ, ಅದು ಯಾವತ್ತೂ ಖಾಲಿಯಾಗಿ ಹೋದದ್ದಿಲ್ಲ. ಕಂಪ್ಯೂಟರು ಅದರಲ್ಲಿ ಇರಲಿಲ್ಲ. ಯಜಮಾನರು ಮುಂದಿನ ವಾರ ತಿಪಟೂರಿನಿಂದ ವಚನಕ್ಕೆಂದು ಇನ್ನೊಂದು ಟೇಪ್ ರೆಕಾರ್ಡರು ತಂದುಕೊಂಡರು. ಹಳೆಯದನ್ನು ಎರವಲು ಎಂದು ಅವರು ಮತ್ತೆ ಕರೆಯಲಿಲ್ಲ.

ಮರುಶುಕ್ರವಾರ ಬೆಳಿಗ್ಗೆ ನಾನು ತಿಂಡಿ ತಿನ್ನುತ್ತಿದ್ದಾಗ ಇಬ್ಬರು ಹಿರಿಯರೂ ತಮ್ಮ ತಮ್ಮ ಪುಸ್ತಕ ಹಿಡಿದು ಒಟ್ಟಿಗೆ ಕಂಪ್ಯೂಟರಿನ ಮುಂದೆ ಬಂದರು. ಕರೆದಿರಲಿಲ್ಲ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು, ಇಬ್ಬರದನ್ನೂ ತೆಗೆದು ನೋಡಿದಳು. ಮೊದಲು ದೊಡ್ಡಯ್ಯನದನ್ನು, ಆಮೇಲೆ ಮಾವನದನ್ನು, ಇಬ್ಬರಿಗೂ ವಾಪಸ್ಸು ಕೊಟ್ಟಳು.

"ಮಂಗಳವಾರ 'ಒಸಿ ಹೊತ್ತು' ಅಂತ ಬರ್ಸಿದ್ದೀರ ದೊಡ್ಡ ಮಾವ. ಒಸಿ ಹೊತ್ತು ಅಂದ್ರೆ ಎಷ್ಟು? ಮಾವ, ನಿಮ್ದೂ ಅಷ್ಟೇ, 'ಊಟದ ಗಂಟ' ಅಂತ ಐತೆ. ಯಾರ ಊಟ? ಇದನ್ನೆಲ್ಲ ಅದಕ್ಕೆ ಹಾಕಾಕಾಗಲ್ಲ. ಗಡಿಯಾರ ನೋಡಿ ಬರ್ಸ್ಕೊಂಡು ಬನ್ನಿ."

"ಅಷ್ಟೊಂದಾ?" ಎಂದರು ದೊಡ್ಡಯ್ಯ.

"ಅಷ್ಟೇ," ಎಂದಳು ಅಕ್ಕ.

ಇಬ್ಬರೂ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು, ಮೋಟಾರ್ ಮನೆಗೆ ಗಡಿಯಾರ ಹಾಕಿಸುವುದಾದರೆ ಅದು ಯಾರ ಮನೆಯದಾಗಬೇಕೆಂದು ವಾದ ಮಾಡುತ್ತ ಬೀದಿಗೆ ಇಳಿದರು. ಅಕ್ಕ ಒಲೆಯ ಮೇಲಿನ ಹಾಲು ಇಳಿಸಲು ಒಳಗೆ ಹೋದಳು.